ಇನ್ನಾ ಜಾಗಾ ಅದರಿ

ಬೀದರಿನಲ್ಲಿ ನಮ್ಮ ಪಕ್ಕದ ಮನೆಯವರು ಔರಾದ ಬಸ್ಸಿನ ಕಂಡಕ್ಟರ್. ಬಸ್ಸು ಎಷ್ಟೇ ತುಂಬಿರಲಿ, "ಇನ್ನಾ ಜಾಗಾ ಅದ, ಬರ್ರಿ" ಅನ್ನುವ ಮನುಷ್ಯ.

ಎರಡೂ ಮನೆಗಳ ನಡುವೆ ಒಂದೇ ಹಳೆಯ ಗೋಡೆ. ತಮ್ಮ ಬದಿಯಲ್ಲಿ ಅದಕ್ಕೆ ಮೊಳೆ ಹೊಡೆದು, ಅರ್ಧ ಕೊಯ್ದ ನೀರಿನ ಬಾಟಲಿಗಳನ್ನು ಸಾಲುಸಾಲಾಗಿ ತೂಗುಹಾಕಿ, ಪುದೀನ, ಮೆಂತ್ಯ, ಕೊತ್ತಂಬರಿ ಬೆಳೆಸಿದ್ದರು. ಇಲ್ಲಿನ ಕೆಂಪು ಮಣ್ಣು ಅವರ ಪಾಲಿಗೆ ಮಣ್ಣೇ ಅಲ್ಲ. ಔರಾದದಿಂದ ಬರುವಾಗೆಲ್ಲ ಒಂದು ಚೀಲ ಕರಿಮಣ್ಣು ತರುತ್ತಿದ್ದರು. ನೀರು ಕುಡಿದರೆ ಉಬ್ಬಿ ಕಲ್ಲಿನಷ್ಟು ಭಾರವಾಗುವ ಮಣ್ಣು ಅದು. ಮೇಲಿನ ಸಾಲಿಗೆ ಹಾಕಿದ ನೀರು ಕೆಳಗಿನ ಸಾಲಿಗೆ ಇಳಿಯುತ್ತಿತ್ತು, ಉಳಿದದ್ದು ಗೋಡೆಗೆ.

ನಮ್ಮ ಬದಿಯಲ್ಲಿ ಗೋಡೆ ಹೊಟ್ಟೆ ಬಿಟ್ಟಿತು. ನಮ್ಮದು ಒಂದೇ ಕೋಣೆ, ಕೂಸಿನ ತೊಟ್ಟಿಲು ಆ ಗೋಡೆಯ ಕೆಳಗೇ. ಹೇಳಿದಾಗೆಲ್ಲ ಅವರು ಎರಡು ಬಾಟಲಿಗಳ ನಡುವೆ ಗೇಣು ಹಾಕಿ ತೋರಿಸಿ ನಗುತ್ತಿದ್ದರು.

"ಯಾಕ ಅಂಜ್ತೀರಿ? ಇನ್ನಾ ಜಾಗಾ ಅದರಿ!"

ಒಂದು ಬೆಳಿಗ್ಗೆ ಅವರು ನೀರು ಹಾಕುತ್ತಿರುವಾಗ ಕೂಸಿನ ಮುಖದ ಮೇಲೆ ಸುಣ್ಣ ಉದುರಿತು. ನಾನು ಕಿರುಚಿದೆ. ಖಾಕಿ ಅಂಗಿಗೆ ಗುಂಡಿ ಹಾಕುತ್ತಲೇ ನಮ್ಮಲ್ಲಿಗೆ ಓಡಿಬಂದರು. ದಿನಾ ಬಸ್ಸಿನ ಬದಿ ಬಡಿಯುವ ಅದೇ ಅಂಗೈಯನ್ನು ಉಬ್ಬಿದ ಗೋಡೆಯ ಮೇಲೆ ಮೆತ್ತಗೆ ಇಟ್ಟರು. ತೆಗೆಯಲಿಲ್ಲ. ನನ್ನತ್ತ ತಿರುಗಲೂ ಇಲ್ಲ.

"ಒಳಗ ಯಾರ್ಯಾರು ಅದಾರ್ರಿ?"

"ಕೂಸು, ಅತ್ತಿ, ನಾನು."

"ಇಳೀರಿ," ಅಂದರು, ಉಸಿರಿನಷ್ಟೇ ಸಣ್ಣ ದನಿಯಲ್ಲಿ. "ಎಲ್ಲಾರೂ ಇಳೀರಿ."