ಸುಮಾ ದನಿಯ ಕಾವಲುಗಾರ್ತಿ

ಬೆಳಗಿನ ಐದಕ್ಕೆ ಹತ್ತು ನಿಮಿಷವಿದೆ. ಆಂಧ್ರದ ಗಡಿಯೊಳಗಿನ ಮಡಕಶಿರದ ಒಂದು ಚಾಕಿ ಕೇಂದ್ರದಲ್ಲಿ ರೇಷ್ಮೆಯ ಮರಿಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದಾರೆ. ಮಹಡಿಯ ಕೋಣೆಯಲ್ಲಿ ಮಂಜುಳ ಚಪ್ಪಲಿ ಹೊರಗೆ ಬಿಟ್ಟು ಸರ್ವರ್ ಮುಂದೆ ಕೂರುತ್ತಾರೆ. ಮೊದಲು ನೋಡುವುದು, ರಾತ್ರಿ ಎಷ್ಟು ಸಲ ಯಾರ್ಯಾರು ಒಳಗೆ ನುಗ್ಗಲು ನೋಡಿದರು ಎಂಬ ಪಟ್ಟಿ. "ಒಂಬೈನೂರ ಹನ್ನೆರಡು ಸಲ ಬಾಗ್ಲು ತಟ್ಟವ್ರೆ ಸಾರ್. ಯಾವ ದೇಶದೋರೋ ಏನೋ. ನಮ್ಮ ಹುಳದ ಸುದ್ದಿ ತಗಂಡು ಏನ್ ಮಾಡ್ತಾರೆ ಅಂತ" ಎಂದು ನಗುತ್ತಾರೆ.

ಐದಕ್ಕೆ ಸರಿಯಾಗಿ ಗುಡಿಬಂಡೆ, ರೊಳ್ಳ, ರತ್ನಗಿರಿ ಕಡೆಯ ನಾನೂರ ಮೂವತ್ತು ರೇಷ್ಮೆ ಬೆಳೆಗಾರರ ಫೋನಿಗೆ ಕನ್ನಡದ ದನಿಯೊಂದು ಹೋಗುತ್ತದೆ: "ಇವತ್ತು ಮೂವತ್ತಾರು ಡಿಗ್ರಿ ಆಗ್ತದೆ. ಹತ್ತು ಗಂಟೆಗೇ ಹುಳುಮನೆ ಕಿಟಕಿಗೆ ಗೋಣಿಚೀಲ ನೆನೆಸಿ ಕಟ್ಟಿ." ಹವಾಮಾನದ ಮುನ್ಸೂಚನೆ ತಂದು, ಮೊದಲೇ ಓದಿ ರೆಕಾರ್ಡ್ ಮಾಡಿಟ್ಟ ಮಾತಿನ ತುಣುಕುಗಳಲ್ಲಿ ತಕ್ಕವನ್ನು ಜೋಡಿಸಿ ಕಳಿಸುವುದು ಸರ್ವರ್‌ನೊಳಗಿನ ಆಟೊಮೇಷನ್ ಸಾಫ್ಟ್‌ವೇರ್. ಅದನ್ನು ಕಾಯುವುದು ಮಂಜುಳ. ಹೀಗೆ ಕಾಯುವವರು ಒಬ್ಬರಿದ್ದಾರೆ ಎಂದು ಮೊನ್ನೆ ಮೊನ್ನೆಯವರೆಗೆ ಬಲ್ಲವರು ಹತ್ತು ಮಂದಿಯೂ ಇದ್ದಿರಲಾರರು. ನನಗೂ ಗೊತ್ತಿರಲಿಲ್ಲ.

ದನಿ ಮಾತ್ರ ಅವರದಲ್ಲ, ಗೆಳತಿ ಸುಮಾ ಅವರದು. ಗುಡಿಬಂಡೆಯ ಸುಮಾ, ಮಂಜುಳ ಇಬ್ಬರೂ ಹಿಂದೂಪುರದಲ್ಲಿ ಒಂದೇ ಬೆಂಚಿನಲ್ಲಿ ಡಿಪ್ಲೊಮಾ ಓದಿದವರು. ಐದು ವರ್ಷದ ಹಿಂದೆ ಹಳೆಯ ಕಂಪ್ಯೂಟರೊಂದನ್ನೇ ಸರ್ವರ್ ಮಾಡಿಕೊಂಡು ಇದನ್ನು ಶುರು ಮಾಡಿದರು. "ಗ್ರಾಮ ಸಚಿವಾಲಯದ ಮೆಸೇಜು ತೆಲುಗು ಅಕ್ಷರದಾಗೆ ಬರ್ತದೆ. ತೆಲುಗು ಮಾತಾಡಾಕೆ ಎಲ್ರಿಗೂ ಬತ್ತದೆ, ಓದಾಕೆ ನಮ್ಮವ್ವನಂಥೋರಿಗೆ ಬರಲ್ಲ" ಎನ್ನುತ್ತಾರೆ ಮಂಜುಳ.

ಈ ಕಡೆ ಹಗಲು ಹೊತ್ತು ಮನೆಗೆ ಬೀಗ ಹಾಕುವ ರೂಢಿ ಕಡಿಮೆ. ಹಾಕಿದರೂ ಬೀಗದ ಕೈ ಪಕ್ಕದ ಮನೆಯಲ್ಲಿರುತ್ತದೆ. ಸರ್ವರಿನ ಪಾಸ್‌ವರ್ಡೂ ಹಾಗೇ ಇತ್ತು, ಸ್ವಿಚ್ ಬೋರ್ಡಿನ ಪಕ್ಕ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ. ಕಳೆದ ವರ್ಷ ಸುಮಾ ಅದನ್ನು ತಮ್ಮ ಮೈದುನನಿಗೆ ಕೊಟ್ಟರು. ಅವನು ಯಾವುದೋ ನೆಟ್ ಸೆಂಟರಿನಲ್ಲಿ ತೆರೆದು ಹಾಗೇ ಬಿಟ್ಟು ಬಂದ. ಮೂರನೆಯ ದಿನ ಗಂಡಸಿನ ದನಿಯೊಂದು ಬೆಳೆಗಾರರಿಗೆಲ್ಲ "ಸಬ್ಸಿಡಿ ಬಂದಿದೆ, ಲಿಂಕ್ ಒತ್ತಿ" ಎಂದಿತು. ಒತ್ತಿದವರು ದುಡ್ಡು ಕಳೆದುಕೊಂಡರು.

"ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗ್ಲು ಹಾಕ್ದಂಗಾಯ್ತು" ಎಂದು ತಮ್ಮನ್ನೇ ಬೈದುಕೊಂಡು ಮಂಜುಳ ಕೂತು ಕಲಿತರು. ಹೊರಗಿನಿಂದ ಸರ್ವರ್‌ಗೆ ಬರುವ ದಾರಿಗಳಲ್ಲಿ ಒಂದು ಬಿಟ್ಟು ಎಲ್ಲ ಮುಚ್ಚಿದರು. ಸಾಫ್ಟ್‌ವೇರಿನ ಅಪ್‌ಡೇಟ್ ಬಂದ ದಿನವೇ ಹಾಕುತ್ತಾರೆ. ದಿನದ ಬ್ಯಾಕಪ್ಪನ್ನು ಹಾರ್ಡ್ ಡಿಸ್ಕಿನಲ್ಲಿ ಮನೆಗೆ ಒಯ್ಯುತ್ತಾರೆ. ಶನಿವಾರ ಅದನ್ನು ಹಳೇ ಲ್ಯಾಪ್‌ಟಾಪಿಗೆ ಹಾಕಿ ಎಲ್ಲ ಓಡುತ್ತದೋ ಇಲ್ಲವೋ ನೋಡುತ್ತಾರೆ. ಬೆಳೆಗಾರರಿಗೆ ಒಂದೇ ಮಾತು ಹೇಳಿದರು, ಸುಮಾ ದನಿ ಇದ್ದರೆ ಮಾತ್ರ ನಂಬಿ ಎಂದು. ಮತ್ತೆ, ಸರ್ವರ್‌ನಲ್ಲಿದ್ದ ಸುಮಾ ಅವರ ಲಾಗಿನ್ ಅಳಿಸಿದರು.

"ಮೊದ್ಲೇ ಒಂದು ಮಾತು ಹೇಳ್ಬೇಕಾಗಿತ್ತು ಸಾರ್. ಹೇಳ್ಲಿಲ್ಲ. ಅವಳು ಬಂದು ಕೂತ್ಳು, ಲಾಗಿನ್ ತೆಗೆಯಾಕೋದ್ಳು, ಅದು ತೆಗೀಲಿಲ್ಲ. 'ಮನೆಯೋರಿಗೆ ಕೊಟ್ಟೆ ಕಣೆ, ಕಳ್ಳರಿಗೆ ಕೊಟ್ನಾ?' ಅಂದ್ಳು. ಎದ್ದೋದೋಳು ತಿರುಗಿ ಬರ್ಲಿಲ್ಲ." ಹನ್ನೊಂದು ತಿಂಗಳಾಯಿತು. ಸುಮಾ ಫೋನ್ ಎತ್ತುವುದಿಲ್ಲ. ಆದರೆ ದಿನಾ ಸಂದೇಶ ಸರಿಯಿದೆಯೇ ಎಂದು ಮಂಜುಳ ಅದೇ ದನಿಯನ್ನು ಕೇಳಬೇಕು. "ಒಂದ್ಸಲ ಕೇಳಿದ್ರೆ ಸಾಕು. ನಾನು ಮೂರ್ಸಲ ಕೇಳ್ತೀನಿ. ಅವಳಿಲ್ದೆ ಈ ರೂಮು ಬಿಕೋ ಅಂತದೆ."

ಸುಮಾ ಓದಿಟ್ಟಿರುವುದು ಮೂವತ್ತೆಂಟು ಡಿಗ್ರಿಯ ತನಕ. ಅದಕ್ಕಿಂತ ಬಿಸಿಲು ಇಲ್ಲೆಲ್ಲಿ ಬಂದೀತು ಎಂದುಕೊಂಡಿದ್ದರು. ಈ ಏಪ್ರಿಲ್‌ನಲ್ಲಿ ಒಂದು ದಿನ ಮುನ್ಸೂಚನೆ ಮೂವತ್ತೊಂಬತ್ತಕ್ಕೇರಿತು. ಮಂಜುಳ ತಮ್ಮ ದನಿಯಲ್ಲೇ ಹೇಳಿ ಕಳಿಸಿದರು. ರತ್ನಗಿರಿಯ ಚಿಕ್ಕತಿಮ್ಮಯ್ಯ ನಂಬಲಿಲ್ಲ. "ಬ್ಯಾರೆ ದನಿ ಬಂತು, ಆ ಕಳ್ಳರೇ ಇರ್ಬೇಕು ಅಂತ ಅಳಿಸ್ಬಿಟ್ಟೆ ಕಣಪ್ಪ. ಸುಮಾ ದನಿ ಮಾತ್ರ ನಂಬಿ ಅಂತ ಇವ್ರೇ ತಾನೆ ಹೇಳಿದ್ದು?" ಗೂಡು ಕಟ್ಟಲು ವಾರವಿದ್ದ ಅವರ ಅರ್ಧ ಬೆಳೆ ಸಂಜೆಯೊಳಗೆ ಸತ್ತಿತು.

ಮಂಜುಳ ಈಗ ಊರೂರು ತಿರುಗಿ, ಎದುರಿಗೆ ಕೂತು, ತಮ್ಮ ದನಿಯ ಗುರುತು ಹೇಳಿ ಬರುತ್ತಿದ್ದಾರೆ. ರೊಳ್ಳ ಮುಗಿದಿದೆ, ರತ್ನಗಿರಿ ಮುಗಿದಿದೆ. ಗುಡಿಬಂಡೆಗೆ ಮಾತ್ರ ಇನ್ನೂ ಹೋಗಿಲ್ಲ. ಸೋಮವಾರ ಹೋಗುತ್ತಾರಂತೆ. ಸುಮಾ ಎದುರಾದರೆ ಏನು ಹೇಳುತ್ತೀರಿ ಎಂದು ಕೇಳಿದೆ.

"ತಪ್ಪು ನಂದು, ಬಾರೆ ಅಂತೀನಿ. ಮೂವತ್ತೊಂಬತ್ತರಿಂದ ಮುಂದಕ್ಕೆ ಓದ್ಕೊಡು ಅಂತೀನಿ. ಹೊಸ ಪಾಸ್‌ವರ್ಡು ನೀನೇ ಹಾಕ್ಕ, ನಂಗೂ ಹೇಳ್ಬ್ಯಾಡ ಅಂತೀನಿ."