ಒಂದು ಸೇರು ಮಂಡಾಳು

ಮೊದಲು ಹೆಬ್ಬೆರಳು ಬರುತ್ತಿತ್ತು, ಅದರ ಹಿಂದೆ ನರ್ಸಮ್ಮ. ಸದಾ ಸಾಬೂನಿನ ವಾಸನೆಯ, ತುದಿ ಚಪ್ಪಟೆಯಾದ ಆ ಬಲಗೈ ಹೆಬ್ಬೆರಳು ಎದುರು ಸಿಕ್ಕವರ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಜಗ್ಗಿ, ಒಳಗಿನ ಕೆಂಪು ಎಷ್ಟಿದೆ ಎಂದು ನೋಡಿದ ಮೇಲೆಯೇ ಅವರ ಬಾಯಿಂದ "ಆರಾಮೇನು?" ಎಂಬ ಮಾತು ಹೊರಡುತ್ತಿತ್ತು. ಮಾನ್ವಿಯಲ್ಲಿ ಆ ಹೆಬ್ಬೆರಳಿನಿಂದ ಪಾರಾದ ಕಣ್ಣುಗಳು ಕಡಿಮೆ. ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುವಾಗ ನೋಡಿದ್ದಾರೆ, ಅಕ್ಕಿ ಗಿರಣಿಯ ಸಾವ್ಕಾರರು ಗಾದಿಯ ಮೇಲೆ ಕೂತಾಗ ನೋಡಿದ್ದಾರೆ. ಮಠದ ಅಯ್ಯನವರು ವಿಭೂತಿ ಹಚ್ಚಲು ಬಗ್ಗಿದಾಗಲೂ ಬಿಡಲಿಲ್ಲ. "ಅಯ್ಯಾರ, ರಕ್ತ ಕಮ್ಮಿ ಅದ. ಉಪಾಸ ಎರಡು ಬಿಡ್ರಿ, ಶಿವ ಏನೂ ಅನ್ನಂಗಿಲ್ಲ."

ಎಪ್ಪತ್ತರ ದಶಕದ ಕೊನೆ, ಈಗ ಏಳು ವರ್ಷದ ಹಿಂದಿನ ಮಾತು. ನರ್ಸಮ್ಮ ರಾಯಚೂರಿನವರು, ನಮ್ಮ ಊರಿನ ಸರಕಾರಿ ದವಾಖಾನೆಗೆ ವರ್ಗವಾಗಿ ಬಂದಿದ್ದರು. ಕುಳ್ಳು, ಗುಂಡು. ಬಿಳಿ ಸೀರೆ ಪಾದದಿಂದ ಒಂದು ಗೇಣು ಮೇಲೆ, ಕಾಲಲ್ಲಿ ಕ್ಯಾನ್ವಾಸ್ ಬೂಟು, ಹೆಗಲಿನ ಚೀಲದಲ್ಲಿ ಒಂದು ರಿಜಿಸ್ಟರು, ಕೂಸು ತೂಗುವ ಸ್ಪ್ರಿಂಗ್ ತಕ್ಕಡಿ ಮತ್ತು ಅದಕ್ಕೆ ಕಟ್ಟುವ ಬಟ್ಟೆಯ ಜೋಳಿಗೆ. ಬೈಯುವ ಮೊದಲು ಹಲ್ಲಿನ ಸಂದಿಯಿಂದ "ಸ್ಸ್" ಎಂದು ಉಸಿರೆಳೆಯುವರು. ನನ್ನಂಥವನಿಗೆ ಇನ್ನೇನು ಬೇಕು?

ನನ್ನಂಥವನು ಎಂದರೆ, ಪಿಯುಸಿ ನಪಾಸಾಗಿ, ಮೀಸೆ ಮಾತ್ರ ಪಾಸಾಗಿ, ಬಸ್ ಸ್ಟ್ಯಾಂಡಿನಲ್ಲಿ ಊರವರ ನಕಲು ಮಾಡಿ ತೋರಿಸುತ್ತಿದ್ದ ಹದಿನೆಂಟರ ಒಣಕಟ್ಟಿಗೆ. ತಹಸೀಲ್ದಾರರ ಕೆಮ್ಮು, ನಮ್ಮಪ್ಪನ ಆಕಳಿಕೆ, ಎಲ್ಲ ನನ್ನ ಹತ್ತಿರ ಸಿಗುತ್ತಿದ್ದವು. ಒಂದು ದಿನ ಗೆಳೆಯನ ರೆಪ್ಪೆ ಜಗ್ಗಿ, ಕಾಲೆಳೆಯುತ್ತ ನಡೆದು, "ಸ್ಸ್, ಲೇ ತಮ್ಮಾ, ನಿನ್ನ ಮೈಯಾಗ ರಕ್ತ ಇಲ್ಲ, ಬರೇ ಚಾ ಅದ" ಎಂದು ನರ್ಸಮ್ಮನನ್ನು ಆಡಿ ತೋರಿಸುತ್ತಿದ್ದೆ. ಎಲ್ಲರೂ ನಗುವುದನ್ನು ಒಮ್ಮೆಲೇ ನಿಲ್ಲಿಸಿದರು. ಹಿಂದೆ ನೋಡಿದರೆ ಅವರೇ.

"ಕಾಲು ತಪ್ಪ್ಯದ. ನಾ ಎಳಿಯೋದು ಎಡಗಾಲು. ಇನ್ನೊಮ್ಮಿ ಮಾಡು" ಎಂದರು.

ಮಾಡಿದೆ. "ಈಗ ಬರೋಬ್ಬರಿ" ಎಂದು ಬಸ್ಸು ಹತ್ತಿ ಹೋದರು. ಅವರನ್ನು ಆಡಿಕೊಳ್ಳುವ ಅರ್ಧ ಖುಷಿಯನ್ನು ಅವತ್ತೇ ಕಸಿದುಕೊಂಡರು.

ಆ ವರ್ಷ ನಮ್ಮಕ್ಕ ದೇವದುರ್ಗದಿಂದ ಹೆರಿಗೆಗೆ ಬಂದಿದ್ದಳು. ಅವಳ ಮೊದಲ ಕೂಸು ಅಂಗೈಯಗಲ ಹುಟ್ಟಿ, ಹೆಸರಿಡುವ ಮೊದಲೇ ಹೋಗಿತ್ತು. ಹೀಗಾಗಿ ಎರಡನೆಯದರ ಬಗ್ಗೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಅಕ್ಕನಿಗೆ ರೊಟ್ಟಿ ಬೇಯುವ ವಾಸನೆ ಬಂದರೆ ವಾಂತಿ. ಬೆಳಿಗ್ಗೆ ಅವಳ ಗಂಟಲಲ್ಲಿ ಇಳಿಯುತ್ತಿದ್ದುದು ಒಂದೇ, ಬಸ್ ಸ್ಟ್ಯಾಂಡಿನ ಹೋಟೆಲ್ ಕಾಕಾನ ಒಗ್ಗರಣಿ. ಮಂಡಾಳನ್ನು, ಅಂದರೆ ಮಂಡಕ್ಕಿಯನ್ನು, ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ ಅರಿಶಿಣದ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಚಿಟಿಕೆ ಪುಟಾಣಿ ಪುಡಿ, ಎಂದರೆ ಹುರಿಗಡಲೆ ಪುಡಿ, ಉದುರಿಸಿ, ಪಕ್ಕದಲ್ಲಿ ಒಂದು ಮಿರ್ಚಿ ಬಜ್ಜಿ ಇಟ್ಟರೆ ನಮ್ಮ ಸೀಮೆಯ ನಾಷ್ಟಾ ಮುಗಿಯಿತು. ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುವಷ್ಟರಲ್ಲಿ ತಯಾರು. ದಿನಾ ಡಬ್ಬಿ ಹಿಡಿದು ಅದನ್ನು ತರುವುದು ನನ್ನ ಪಾಲಿಗೆ ಬಂತು.

ನರ್ಸಮ್ಮ ದವಾಖಾನೆಯಲ್ಲಿ ಬಸುರಿಯರನ್ನೆಲ್ಲ ಸಾಲಾಗಿ ಕೂರಿಸಿ ಕೇಳುತ್ತಿದ್ದರು. ನಮ್ಮವ್ವನ ಸರದಿ ಬಂತು.

"ಮುಂಜಾನಿ ಏನ್ ತಿಂತಾಳವ್ವಾ ನಿನ್ನ ಮಗಳು?"

"ದಿನಾ ಒಂದು ಸೇರು ತಿಂತಾಳ್ರೀ ಅಮ್ಮಾ, ಮಂಡಾಳ ಒಗ್ಗರಣಿ."

"ಒಂದು ಸೇರಾ? ಬೇಷ್!" ಎಂದು ನರ್ಸಮ್ಮ ರಿಜಿಸ್ಟರಿನ 'ಧಾನ್ಯ' ಎಂಬ ಕಾಲಮ್ಮಿನಲ್ಲಿ ಒಂದು ಸೇರು ಎಂದು ಬರೆದುಕೊಂಡರು. ಹಿಂದೆ ಇನ್ನೂ ಹತ್ತಾರು ಹೆಂಗಸರು ಕಾಯುತ್ತಿದ್ದರು. ನಮ್ಮಲ್ಲಿ ಜೋಳವಾಗಲಿ, ಅಕ್ಕಿಯಾಗಲಿ, ಮಂಡಾಳಾಗಲಿ, ಅಳೆಯುವುದು ಅದೇ ಸೇರಿನಿಂದ. ಅವ್ವ ಸುಳ್ಳು ಹೇಳಿರಲಿಲ್ಲ. ಕಾಕಾ ನಮ್ಮ ಡಬ್ಬಿಗೆ ಹಿತ್ತಾಳೆ ಸೇರು ತುಂಬಿಯೇ ಮಂಡಾಳು ಅಳೆದು ಹಾಕುತ್ತಿದ್ದ.

ತಿಂಗಳು ಬಿಟ್ಟು ಅಕ್ಕ ತೂಕದ ಮಷೀನಿನ ಮೇಲೆ ನಿಂತಳು. ಮುಳ್ಳು ಹೋದ ಸಲ ಎಲ್ಲಿತ್ತೋ ಅಲ್ಲೇ ಇತ್ತು. ನರ್ಸಮ್ಮ ಹೊಟ್ಟೆ ಮುಟ್ಟಿ ನೋಡಿದರು, ರೆಪ್ಪೆ ಜಗ್ಗಿ ನೋಡಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನರ್ಸಮ್ಮ ರಿಜಿಸ್ಟರಿನಲ್ಲಿ 'ಒಂದು ಸೇರು' ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, "ಆ ಹೋಟ್ಲ ತೋರ್ಸು ನಡಿ" ಎಂದರು.

ಕಾಕಾನ ಹೋಟೆಲು ತುಂಬಿತ್ತು. ನರ್ಸಮ್ಮ ತಕ್ಕಡಿಯನ್ನು ಚಪ್ಪರದ ಬಿದಿರಿಗೆ ತೂಗುಹಾಕಿ, ಕೂಸಿನ ಜೋಳಿಗೆ ಕಟ್ಟಿ, "ಒಂದು ಸೇರು ಮಂಡಾಳು ಹಾಕು" ಎಂದರು. ಕಾಕಾ ಹಾಕಿದ. ಜೋಳಿಗೆ ಉಬ್ಬಿತು.

ನಾನು ಸುಮ್ಮನಿರುವ ಪೈಕಿಯೇ? "ಗಂಡ್ ಮಂಡಾಳೇನ್ರಿ, ಹೆಣ್ ಮಂಡಾಳೇನ್ರಿ?" ಎಂದು ಸೂಲಗಿತ್ತಿಯ ದನಿಯಲ್ಲಿ ಕೇಳಿದೆ. ಇಡೀ ಹೋಟೆಲು ನಕ್ಕಿತು. ನರ್ಸಮ್ಮ ಮುಳ್ಳು ನೋಡುತ್ತಿದ್ದರು. ಅದು ಅಲುಗಿತೋ ಇಲ್ಲವೋ ಎಂಬಷ್ಟು ಕೆಳಗಿಳಿದಿತ್ತು. ಎರಡು ಹಿಡಿ ಅಕ್ಕಿಗೂ ಅಷ್ಟೇ ಇಳಿಯುತ್ತಿತ್ತು. ಪಕ್ಕದ ಕಾಳಿನ ಅಂಗಡಿಯಿಂದ ಅದೇ ಸೇರಿನಲ್ಲಿ ಜೋಳ ತರಿಸಿ ಸುರಿದರು. ಮುಳ್ಳು ದಡಕ್ಕನೆ ಇಳಿಯಿತು, ಬಿದಿರು ಕಿರ್ರೆಂದಿತು. ಆಗ ಯಾರೂ ನಗಲಿಲ್ಲ.

"ತಪ್ಪು ನಂದು" ಎಂದರು ನರ್ಸಮ್ಮ, ಅಷ್ಟೂ ಮಂದಿಯ ಎದುರು. "ಸೇರು ಅಂದದ್ದು ಕಿವೀಗೆ ಬಿತ್ತು. ಯಾತರ ಸೇರು ಅಂತ ಲಕ್ಷ್ಯ ಕೊಡ್ಲಿಲ್ಲ. ಆ ಹುಡುಗಿ ತಿಂಗಳತನಕ ಗಾಳಿ ತಿಂದಾಳ."

ತಕ್ಕಡಿ ಚೀಲಕ್ಕೆ ಹಾಕಿಕೊಂಡು ನಮ್ಮ ಮನೆಯ ಹಾದಿ ಹಿಡಿದರು. ನಾನು ಹಿಂದೆ ಹಿಂದೆ. ನಿಜ ಹೇಳಬೇಕೆಂದರೆ ಆ ಎರಡು ಹಿಡಿಯೂ ಅಕ್ಕನಿಗೆ ಪೂರ್ತಿ ಮುಟ್ಟುತ್ತಿರಲಿಲ್ಲ. ದಾರಿಯ ಬೇವಿನ ಮರದ ಕೆಳಗೆ ದಿನಾ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ತಿಂದು, ಉಳಿದದ್ದನ್ನು ಬೆರಳಿಂದ ಕೆದರಿ ಉಬ್ಬಿಸಿ ಮುಚ್ಚುತ್ತಿದ್ದೆ. ಉಬ್ಬಿಸುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ.

ಮರದ ಹತ್ತಿರ ಬಂದಾಗ ಹೇಳಲು ಬಾಯಿ ತೆರೆದೆ. ಬಂದದ್ದು ಕಾಕಾನ ದನಿ. "ಅಮ್ಮಾರ, ಒಂದ್ ಮಾತದ್ರೀ..."

ನರ್ಸಮ್ಮ ನಿಂತರು. "ಸ್ಸ್. ಅವನ ದನಿ ಯಾಕ? ನಿಂದು ಇಲ್ಲೇನು?"

ನನ್ನ ದನಿ ಹೇಗಿದೆ ಎಂದು ನನಗೇ ಮರೆತುಹೋಗಿತ್ತು. ಹುಡುಕಿ ತೆಗೆದೆ. ತೆಳ್ಳಗೆ ಬಂತು. "ದಾರ್ಯಾಗ ನಾನೂ ತಿಂತಿದ್ದೆ."

ಬಡಿಯುತ್ತಾರೆ ಎಂದುಕೊಂಡಿದ್ದೆ. ಅವರು ರಿಜಿಸ್ಟರ್ ತೆಗೆದರು. "ಎಷ್ಟು?"

"ಸ್ವಲ್ಪ್ರೀ."

"ಸ್ವಲ್ಪ ಅನ್ನೋದು ತೂಕ ಅಲ್ಲ. ತುತ್ತು ಎಷ್ಟು?"

"ನಾಕು... ಐದು. ಮಿರ್ಚಿ ಪೂರ್ತಿ."

"ಪುಟಾಣಿ ಪುಡಿ ಮ್ಯಾಲೇ ಇರ್ತಿತ್ತಲ್ಲ, ಅದು?"

"ಅದೂ ನಂದೇರೀ."

ಅದನ್ನೂ ಬರೆದುಕೊಂಡರು. ಆಮೇಲೆ ಆ ಹೆಬ್ಬೆರಳು ನನ್ನ ಕಣ್ಣಿಗೆ ಬಂತು. ಎಡಗಣ್ಣು, ಬಲಗಣ್ಣು. "ನೀನೂ ಬಿಳಚಿಕೊಂಡೀದಿ" ಎಂದರು. "ನಿಮ್ಮಕ್ಕಗ ನಾ ಹೇಳಂಗಿಲ್ಲ. ಅದು ನೀ ಮಾಡೋ ಕೆಲಸ."

ಮನೆಯಲ್ಲಿ ಅವ್ವನ ಎದುರು ಕೂತು, "ತಪ್ಪು ನಂದವ್ವಾ" ಎಂದು ಮತ್ತೆ ಅಷ್ಟನ್ನೇ ಹೇಳಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಒಗ್ಗರಣಿ ಬಿಡಿಸ್ಲೇನ್ರಿ?" ಅವ್ವ ಕೇಳಿದಳು.

"ಬಿಡಸಬ್ಯಾಡ. ಇಳಿಯೋದು ಅದೊಂದಽ ಆದ್ರ ಅದ್ರಾಗಽ ತುಂಬೋಣು. ಹೊಟ್ಟಿ ತುಂಬೋದು ಬ್ಯಾರೆ, ಮೈ ತುಂಬೋದು ಬ್ಯಾರೆ. ಮಂಡಾಳು ಅರ್ಧ ಸಾಕು. ಪುಟಾಣಿ ಚಿಟಿಕೀಲೆ ಅಲ್ಲ, ಹಿಡೀಲೆ. ಶೇಂಗಾ ಒಂದು ಹಿಡಿ. ಮೊಳಕಿ ಬಂದ ಹೆಸರು, ನುಗ್ಗಿಸೊಪ್ಪು, ಮ್ಯಾಲೆ ನಿಂಬಿಹಣ್ಣು. ಮಿರ್ಚಿ ಬ್ಯಾಡ, ಆ ಎಣ್ಣಿ ಯಾವ ಕಾಲದ್ದೋ ಕಾಕಾಗೂ ಗೊತ್ತಿಲ್ಲ. ಒಂದು ಲೋಟ ಹಾಲು."

ಅವ್ವ ಮಾಡಿದ್ದು ಅಕ್ಕನಿಗೆ ಒಗ್ಗಲಿಲ್ಲ, ಕಾಕಾನ ಕೈಯದೇ ಬೇಕು. ಕಾಕಾ, "ಒಗ್ಗರಣ್ಯಾಗ ಸೊಪ್ಪು ಹಾಕಿದ್ರ ಗಿರಾಕಿ ನನ್ನ ಹೊಡೀತಾರ್ರೀ" ಎಂದು ಗೋಳಾಡಿದ. "ಗಿರಾಕೀಗೆ ಹಾಕಬ್ಯಾಡ, ಬಸುರಿಗೆ ಹಾಕು" ಎಂದರು ನರ್ಸಮ್ಮ. ಮರುದಿನ ಬೆಳಿಗ್ಗೆ ಹೋದರೆ ಕಾಕಾ ಡಬ್ಬಿಯ ಜೊತೆ ಎಲೆಯ ಪೊಟ್ಟಣ ಒಂದನ್ನು ನನ್ನ ಕೈಗಿಟ್ಟ. ಬಿಸಿಯಾಗಿತ್ತು, ಪುಟಾಣಿಯ ಪರಿಮಳ.

"ಇದು ಯಾರಿಗೆ?"

"ನಿನಗಂತ. ಇಲ್ಲೇ ಕುಂತು ತಿಂದು ಹೋಗಬೇಕಂತ. ನರ್ಸಮ್ಮಾರ ಹೇಳ್ಯಾರ."

ಕೂತು ತಿಂದೆ. ಯಾರ ನಕಲೂ ಮಾಡದೆ ತಿಂದ ಮೊದಲ ನಾಷ್ಟಾ ಅದು. ಡಬ್ಬಿ ಅವತ್ತಿನಿಂದ ಮುಚ್ಚಿದಂತೆಯೇ ಮನೆ ಸೇರಿತು. ಅದೇ ವಾರ ನರ್ಸಮ್ಮ ರಿಜಿಸ್ಟರಿನಲ್ಲಿ 'ಸೇರು' ಎಂದಿದ್ದ ಇನ್ನೂ ಒಂಬತ್ತು ಮನೆಗಳಿಗೆ ಕ್ಯಾನ್ವಾಸ್ ಬೂಟು ಸವೆಸಿಕೊಂಡು ಹೋಗಿ, ಯಾತರ ಸೇರು ಎಂದು ಕೇಳಿ ಬಂದರು. ಹೋದಲ್ಲೆಲ್ಲ ಮೊದಲ ಮಾತು, "ತಪ್ಪು ನಂದು". ಬಸ್ ಸ್ಟ್ಯಾಂಡಿನಲ್ಲಿ ಅದನ್ನೂ ಆಡಿ ತೋರಿಸಲು ಒಮ್ಮೆ ನೋಡಿದೆ. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ.

ಚಳಿ ಬೀಳುವ ಹೊತ್ತಿಗೆ ಅಕ್ಕ ಹೆತ್ತಳು. ಹೆಣ್ಣು. ನರ್ಸಮ್ಮ ಜೋಳಿಗೆಯಲ್ಲಿ ಹಾಕಿ ಎತ್ತಿ ಹಿಡಿದರು. ಮುಳ್ಳು ಇಳಿಯಿತು, ಇನ್ನೂ ಇಳಿಯಿತು, ನಿಂತಿತು. ಎರಡು ಸಲ ನೋಡಿ, "ಈ ಸರ್ತಿ ಗಾಳಿ ಅಲ್ಲ" ಎಂದರು. ಅವ್ವ ಅತ್ತಳು. ಕೂಸು ಅದಕ್ಕಿಂತ ಜೋರಾಗಿ ಅತ್ತಿತು. ಆ ಅಳುವನ್ನು ನಾನು ಇವತ್ತೂ ತದ್ರೂಪ ಮಾಡಬಲ್ಲೆ.

ಆಮೇಲೆ ನರ್ಸಮ್ಮನಿಗೆ ಗೂಗಲ್ ಎಂಬ ಹಳ್ಳಿಯ ಕಡೆಗೆ ವರ್ಗವಾಯಿತು. ಅಲ್ಲಿಯೂ ಹೊಳೆ ದಂಡೆಯ ಊರೂರು ಅಲೆದರಂತೆ. ಹೋದ ವರ್ಷ ರಾಯಚೂರಿನ ತಮ್ಮ ಸ್ವಂತ ಮನೆಯಲ್ಲಿ ತೀರಿಕೊಂಡರು. ಸುದ್ದಿ ಬಂದ ದಿನ ನಾನು ದೇವದುರ್ಗದ ಬಸ್ಸು ಹತ್ತಿದೆ. ಆರು ವರ್ಷ ಮುಂದೂಡಿದ ಕೆಲಸ ಒಂದಿತ್ತು. ಅಷ್ಟು ದಿನ ನರ್ಸಮ್ಮ ನನ್ನ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ.

ಅಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನ ಸ್ವಂತ ದನಿಯಲ್ಲಿ ಹೇಳಿದೆ. ಐದು ತುತ್ತು, ಮಿರ್ಚಿ ಪೂರ್ತಿ, ಪುಟಾಣಿ ಪುಡಿ ಎಲ್ಲ. ನಗುತ್ತಾಳೆ ಎಂಬ ಆಸೆ ಇತ್ತು. ನಗಲಿಲ್ಲ. ಮೊರ ಕೆಳಗಿಟ್ಟು, ಆಡುತ್ತಿದ್ದ ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, "ಎದ್ದು ಹೋಗು" ಎಂದಳು.

ಎರಡು ತಿಂಗಳು ಮಾತು ಬಿಟ್ಟಿದ್ದಳು. ನನಗೆ ಬರಬೇಕಾದದ್ದೇ ಬಂತು, ಅದೂ ಸರಿಯಾದ ತೂಕದಲ್ಲಿ. ಈಗ ಮಾತಾಡುತ್ತಾಳೆ, ಹೋದರೆ ಊಟಕ್ಕೆ ಬಡಿಸುತ್ತಾಳೆ, ಸೋದರಸೊಸೆ ನನ್ನ ಮೀಸೆ ಜಗ್ಗುತ್ತಾಳೆ. ಅವ್ವನಿಗೆ ಕೊಡಲು ಅಕ್ಕ ಏನಾದರೂ ಮಾಡಿದರೆ ಮಾತ್ರ, ಡಬ್ಬಿಯನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸುತ್ತಾಳೆ, ನಾನು ಅದೇ ಬಸ್ಸಿನಲ್ಲಿ ಕೂತಿದ್ದರೂ.