ಪಟಿಕದ ನೀರಿನಲ್ಲಿ ಅರಿಶಿನದ ಕಾಗದ

ಕಳೆದ ಸೋಮವಾರ ಮಧ್ಯಾಹ್ನ ಅರಸೀಕೆರೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ನನ್ನ ಅಂಗಿಯ ಮೇಲೆ ಸಾಂಬಾರ್ ಚೆಲ್ಲಿತು. ಸೋಪು ಉಜ್ಜಿದೆ, ಹಳದಿ ಕಲೆ ಇಟ್ಟಿಗೆಯ ಹಾಗೆ ಕೆಂಪಾಯಿತು. ನೀವೂ ನೋಡಿರುತ್ತೀರಿ. ಆರತಿಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದಾಗ ಆಗುವುದೂ ಇದೇ. ಈ ಕೆಂಪು ಕಂಡಾಗೆಲ್ಲ ನನಗೆ ಅಕ್ಕನ ರಸಾಯನಶಾಸ್ತ್ರ ನೆನಪಾಗುತ್ತದೆ.

ಪಿಯುಸಿಯಲ್ಲಿ ಅಕ್ಕ ಅದೊಂದೇ ವಿಷಯದಲ್ಲಿ ಫೇಲಾಗಿ ಮತ್ತೆ ಪರೀಕ್ಷೆ ಕಟ್ಟಿದ್ದಳು. ಈ ಸಲವೂ ಆಗದಿದ್ದರೆ ಓದು ಸಾಕು, ಮಂಡಿಗೆ ಬಂದು ಕೊಬ್ಬರಿ ಆರಿಸಲಿ ಎಂದು ಅಪ್ಪ ಊಟದ ನಡುವೆ ಹೇಳಿದ್ದರು. ಅಪ್ಪ ಒಂದು ಮಾತನ್ನು ಎರಡು ಸಲ ಹೇಳುವವರಲ್ಲ.

ಉಪ್ಪು ಕರಗಿದ ನೀರು ಹುಳಿಯೋ, ಕ್ಷಾರವೋ, ಎರಡೂ ಅಲ್ಲದ ತಟಸ್ಥವೋ ಎಂದು ಮೊದಲೇ ಹೇಳಲು ಅಕ್ಕ, ಗಂಡು ಹೆಣ್ಣು ನೋಡುವ ಹಿರಿಯರ ದಾರಿ ಹಿಡಿದಿದ್ದಳು. ಪ್ರತಿ ಉಪ್ಪಿಗೂ ಆಮ್ಲದ ಕಡೆಯವರು, ಪ್ರತ್ಯಾಮ್ಲದ ಕಡೆಯವರು ಎಂದು ಎರಡು ಬೀಗರು. ಯಾರ ಕಡೆ ಜೋರೋ ನೀರು ಅವರ ಹಾಗೆ. ಎರಡೂ ಕಡೆ ಜೋರಾದರೆ ತಟಸ್ಥ. ಅಡುಗೆ ಉಪ್ಪು ಅಂಥದ್ದು.

ಪ್ರಯೋಗ ಪರೀಕ್ಷೆಯ ಹಿಂದಿನ ದಿನ ನಾನೇ ಪರೀಕ್ಷಕ. ನನ್ನ ವಿದ್ವತ್ತು ಒಂಬತ್ತನೇ ತರಗತಿಯದು. ಲಿಟ್ಮಸ್ ಇರಲಿಲ್ಲ, ಸುದ್ದಿಪತ್ರಿಕೆಯ ಅಂಚಿಗೆ ಅರಿಶಿನ ಬಳಿದು ಒಣಗಿಸಿದ್ದೆ. ಅಡುಗೆ ಉಪ್ಪಿನ ಲೋಟ ತಟಸ್ಥ ಎಂದಳು. ಕಾಗದ ಹಳದಿಯಾಗಿಯೇ ಉಳಿಯಿತು. ಒಗೆಯುವ ಸೋಡಾ ಕ್ಷಾರ ಎಂದಳು, ಕೆಂಪಾಯಿತು. ಮೂರನೆಯದು, ಗಡ್ಡ ಹೆರೆದ ಮೇಲೆ ಅಪ್ಪ ಉಜ್ಜಿಕೊಳ್ಳುತ್ತಿದ್ದ ಪಟಿಕ.

"ಗಂಧಕಾಮ್ಲದ ಕಡೆಯವರು ಜೋರು ಕಣೋ. ಅಲ್ಯೂಮಿನಿಯಂನವರು ಪಾಪ, ಬಾಯೇ ಬಿಡಲ್ಲ. ಇದು ಹುಳಿ."

ಕಾಗದ ಹಳದಿಯಾಗಿಯೇ ಇತ್ತು.

"ತಪ್ಪು ಕಣೇ. ತಟಸ್ಥ. ಬೇಕಾದ್ರೆ ನೀನೇ ನೋಡು."

ಅಕ್ಕ ಸ್ವಲ್ಪ ಹೊತ್ತು ಕಾಗದ ನೋಡಿದಳು. ನೋಟ್‌ಬುಕ್ಕಿನಲ್ಲಿ 'ಹುಳಿ' ಹೊಡೆದುಹಾಕಿ 'ತಟಸ್ಥ' ಎಂದು ಬರೆದಳು. ಮರುದಿನ ಮೌಖಿಕದಲ್ಲಿ ಪಟಿಕವನ್ನೇ ಕೇಳಿದರು. ಎರಡು ಅಂಕಕ್ಕೆ ಫೇಲಾದಳು. ಆ ತಿಂಗಳೇ ಮಂಡಿಗೆ ಹೋದಳು.

ಅರಿಶಿನ ಕ್ಷಾರಕ್ಕೆ ಮಾತ್ರ ಬಣ್ಣ ತಿರುಗುತ್ತದೆ, ಹುಳಿಯಲ್ಲೂ ತಟಸ್ಥದಲ್ಲೂ ಹಳದಿಯಾಗಿಯೇ ಇರುತ್ತದೆ ಎಂದು ನಾನು ಓದಿದ್ದು ಎರಡು ವರ್ಷ ಕಳೆದ ಮೇಲೆ. ಅಕ್ಕನಿಗೆ ಹೇಳಲಿಲ್ಲ. ಆಮೇಲೆ ಪತ್ರಿಕೆ ಸೇರಿದೆ. ಖಚಿತಪಡಿಸಿಕೊಳ್ಳದೆ ಬರೆಯುವ ವರದಿಗಾರರನ್ನು ಗದರಿಸುವುದೇ ಅಲ್ಲಿ ನನ್ನ ಕೆಲಸ.

ಸೋಮವಾರ ಒದ್ದೆ ಅಂಗಿಯಲ್ಲೇ ಹಾರನಹಳ್ಳಿಯ ಬಸ್ಸು ಹತ್ತಿದೆ. ಅಕ್ಕ ಈಗ ಇರುವುದು ಅಲ್ಲಿ. ಸೊಪ್ಪು ಬಿಡಿಸುತ್ತಿದ್ದವಳಿಗೆ ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಗೊತ್ತು ಕಣೋ. ರಿಸಲ್ಟ್ ಬಂದ ವಾರವೇ ಕಾಲೇಜಿಂದ ನೀಲಿ ಲಿಟ್ಮಸ್ ಇಸ್ಕೊಂಡು ಬಂದು ಅದ್ದಿ ನೋಡಿದ್ದೆ. ಕೆಂಪಾಯ್ತು, ಹುಳಿನೇ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀನ್ಯಾಕೆ ಹೇಳ್ಲಿಲ್ಲ?"

ಈ ವರ್ಷ ಅಕ್ಕ ಮತ್ತೆ ಪರೀಕ್ಷೆ ಕಟ್ಟಿದ್ದಾಳೆ. ರಸಾಯನಶಾಸ್ತ್ರ ಒಂದೇ. ಪ್ರಯೋಗ ಪರೀಕ್ಷೆ ಬರುವ ಗುರುವಾರ, ಅರಸೀಕೆರೆಯಲ್ಲಿ.